ಏಳನೆಯ ನೀರು

ಕರೆಂಟಿನ ಕೆಲಸ ಮಾಡುವ ಆ ಹುಡುಗನಿಗೆ ಬೀದಿಯೇ ಇಟ್ಟ ಹೆಸರು ರೇಡಿಯೋ. ಯಾರ ಮನೆಗೆ ಫ್ಯೂಸ್ ಹಾಕಲು ಹೋದರೂ ಆ ಮನೆಯ ಜಗಳ ಸಂಜೆಯೊಳಗೆ ಹತ್ತು ಮನೆ ಸುತ್ತುತ್ತಿತ್ತು. ಗೊತ್ತಾಗಿದ್ದ ಒಂದು ಮದುವೆಯೂ ಅವನ ಬಾಯಿಂದಾಗಿ ಮುರಿದುಬಿದ್ದ ಮೇಲೆ ತಾಯಿ ಇಮಾಮರ ಮುಂದೆ ಅತ್ತಳು. ಇಮಾಮರು ಬುದ್ಧಿಮಾತು ಹೇಳಲಿಲ್ಲ. ಮಸೀದಿಯ ಹಿಂದಿನ ಕೋಣೆಯಲ್ಲಿ ಸತ್ತವರಿಗೆ ಕೊನೆಯ ಸ್ನಾನ ಮಾಡಿಸುವ ಚಾಚಾನ ಜೊತೆಗೆ ಅವನನ್ನು ಕೆಲಸಕ್ಕೆ ಹಾಕಿದರು.

“ಒಳಗೆ ಒಳ್ಳೇದು ಕಂಡ್ರೆ ಹೇಳು. ಬೇರೇನಾದ್ರೂ ಕಂಡ್ರೆ ನುಂಗು,” ಎಂದ ಚಾಚಾ.

“ಜೀರ್ಣ ಆಗದಿದ್ರೆ?”

“ಹೊಟ್ಟೆನೋವು. ಸಾಯಲ್ಲ ಬಿಡು.”

ಮೊದಲು ಬಂದದ್ದು ಬೀಗ ರಿಪೇರಿಯ ಮುದುಕ. ನಡುಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಸ್ನಾನದ ಕಲ್ಲಿನ ಮೇಲೆ ಬಿದ್ದಿತ್ತು. ಸೊಂಟಕ್ಕೆ ಹೊದಿಸಿದ ಬಟ್ಟೆ ಸರಿಯದಂತೆ ರೇಡಿಯೋ ನೀರು ಹೊಯ್ದ. ಮೂರು ಸಲಕ್ಕೆ ಮುಗಿಯಬೇಕು. ಮೈ ಶುದ್ಧವಾಗದಿದ್ದರೆ ಐದು, ಏಳು. ಅದರಾಚೆ ಚಾಚಾ ಹೋದವನಲ್ಲ.

ಮೂರನೆಯ ನೀರು ಮೋರಿಗೆ ಕಪ್ಪಾಗಿ ಇಳಿಯಿತು. ಬೀಗದ ಜಿಡ್ಡಿರಬೇಕು ಅಂದುಕೊಂಡ. ಆದರೆ ಮುದುಕ ಅಂಗಡಿ ಮುಚ್ಚಿ ಹತ್ತು ವರ್ಷವಾಗಿತ್ತು. ಮೈ ಉಜ್ಜಿದ ಬಟ್ಟೆಯೂ ಬೆಳ್ಳಗೇ ಇತ್ತು. ಬಕೆಟ್ಟಿನಲ್ಲಿ ತಿಳಿಯಾಗಿದ್ದ ನೀರು ಮೈ ಮುಟ್ಟಿದ್ದೇ ತಡ ಮಸಿಯಾಗುತ್ತಿತ್ತು. ಐದನೆಯದೂ ಹಾಗೇ. ಏಳನೆಯದೂ ಹಾಗೇ. ಚಾಚಾ ಒಮ್ಮೆಯೂ ಮೋರಿಯ ಕಡೆ ಕಣ್ಣು ಹಾಯಿಸಲಿಲ್ಲ.

“ಸಾಕು. ಒರೆಸು.”

ಬಾಗಿಲಾಚೆ ಮುದುಕನ ಮಗಳು ನಿಂತಿದ್ದಳು. “ಯಾಕಿಷ್ಟು ಹೊತ್ತಾಯ್ತು? ಅಬ್ಬಾ ಹೇಗಿದ್ರು?” ಹಿಂದಿದ್ದ ನೆಂಟರ ಕಿವಿ ನೆಟ್ಟಗಾದವು.

ರೇಡಿಯೋನ ನಾಲಿಗೆ ತುದಿಯಲ್ಲಿ ಮಾತು ಕುಣಿಯುತ್ತಿತ್ತು. ಅದು ಜಾರಿದರೆ ಮುದುಕನ ಪಾಪವೇ ಕಪ್ಪಾಗಿ ಹರಿಯಿತೆಂದು ಜನ ಆಡಿಕೊಳ್ಳುತ್ತಾರೆ, ಈ ಹೆಣ್ಣುಮಗಳು ಬದುಕಿಡೀ ತಲೆಯೆತ್ತುವ ಹಾಗಿಲ್ಲ. ಒಳ್ಳೆಯದೇನಾದರೂ ಕಂಡಿದ್ದೆನೇ ಎಂದು ತಡಕಾಡಿದ.

“ಕೈ ಮಡಚಿದ್ರೆ ಮಡಚ್ತಿದ್ರು, ಆಪಾ. ಎಲ್ಲೂ ಹಟ ಮಾಡ್ಲಿಲ್ಲ. ಮಗು ಥರ ಹಗುರ.”

ಅವಳು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆ ಅಳುವಿನಲ್ಲಿ ನೆಮ್ಮದಿಯಿತ್ತು.

ಶವ ಹೊತ್ತ ಜನಾಜಾ ಹೋದ ಮೇಲೆ ಕಲ್ಲು ತೊಳೆಯುವಾಗ ಅವನಿಗೆ ತಡೆಯಲಾಗಲಿಲ್ಲ.

“ಚಾಚಾ, ಆ ನೀರು...”

“ಯಾವ ನೀರು?”

ಚಾಚಾನ ಕಣ್ಣಲ್ಲಿ ಕಪಟವಿರಲಿಲ್ಲ. ಏನೂ ಇರಲಿಲ್ಲ. ಮೂವತ್ತು ವರ್ಷ ಅದೆಷ್ಟು ಮೈಗಳನ್ನು ತೊಳೆದವನೋ, ಮುಖ ಮಾತ್ರ ಬಾಗಿಲು ಹಾಕಿದ ಮನೆ.

ರೇಡಿಯೋ ಮೋರಿಯ ಕಡೆ ನೋಡಿದ. ತಾನೊಬ್ಬನೇ ಕಂಡದ್ದೋ, ಇಬ್ಬರೂ ಕಂಡದ್ದೋ? ಮತ್ತೆ ಕೇಳಿದರೆ ಅದೂ ಕಂಡದ್ದನ್ನು ಹೇಳಿದಂತೆಯೇ. ತೆರೆದ ಬಾಯಿಯನ್ನು ಮೆಲ್ಲಗೆ ಮುಚ್ಚಿ, ಅವನು ಪೊರಕೆ ಹಿಡಿದು ಕಲ್ಲಿನ ಮೂಲೆ ಉಜ್ಜತೊಡಗಿದ.