ಕೇಳದೆ ತೆಗೆದ ಪಟ

ಮಹದೇವಿ, ನಿನ್ನ ತಾಯಿ ಹೇಳಿದ್ದೇ ನಿಜ. ಪಟ ತೆಗೆಯುವ ಮುಂಚೆ ನಾನು ಅವರನ್ನು ಕೇಳಿರಲಿಲ್ಲ. ಕೇಳಿದೆ, ಅವರು ಒಪ್ಪಿದರು ಎಂದು ಹೆಡ್‌ಮಾಸ್ಟರ ಕೋಣೆಯಲ್ಲಿ, ನಿನ್ನ ಮತ್ತು ನಿನ್ನ ತಂದೆಯ ಎದುರಿಗೆ ನಾನು ಹೇಳಿದ್ದು ಸುಳ್ಳು. ಬಾಯಿತಪ್ಪಿ ಬಂದ ಸುಳ್ಳಲ್ಲ — ಒಂದು ಗಳಿಗೆ ಯೋಚಿಸಿ, ಯಾರೂ ಹಿಡಿಯಲಾರರು ಎಂದು ಖಾತ್ರಿ ಮಾಡಿಕೊಂಡು ಹೇಳಿದ್ದು.

ಆಗ ನಾನು ಹೇಗಿದ್ದೆ ಎಂಬುದು ನಿನಗೆ ಗೊತ್ತೇ ಇದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಶೀಲ್ಡುಗಳನ್ನು ನಂಜನಗೂಡಿನ ನಮ್ಮ ಮನೆಯ ಷೋಕೇಸಿನಲ್ಲಿ ಜೋಡಿಸಿಟ್ಟು, ದಿನಾ ಬಸ್ಸು ಹತ್ತಿ ಟಿ. ನರಸೀಪುರದ ನಿಮ್ಮ ಹೈಸ್ಕೂಲಿಗೆ ವಿಜ್ಞಾನ ಹೇಳಲು ಬರುತ್ತಿದ್ದವನು. ಬಸ್ಸಿನಲ್ಲಿ ಪಕ್ಕದವರು ‘ರಾಹುಕಾಲ ಕಳೀಲಿ’ ಅಂದರೂ ಸುಮ್ಮನೆ ಬಿಡದವನು. ‘ಯಾಕೆ ಮೇಷ್ಟ್ರು’ ಎಂದು ನೀವೆಲ್ಲ ಇಟ್ಟಿದ್ದ ಹೆಸರು ನನಗೆ ಗೊತ್ತಿತ್ತು. ಗೊತ್ತಿದ್ದು ಒಳಗೊಳಗೇ ಹಿಗ್ಗುತ್ತಿದ್ದೆ.

ಶಾಲೆಗೆ ಕಂಪ್ಯೂಟರ್ ಬಂದ ವರ್ಷ ಅದು. ಮೈಸೂರಿನ ತರಬೇತಿಯಲ್ಲಿ ಒಬ್ಬ ಮೇಡಂ ಹೇಳಿದ್ದರು — ಇಂಟರ್‌ನೆಟ್‌ನಲ್ಲಿ ಸಿಕ್ಕಿತು ಎಂದ ಮಾತ್ರಕ್ಕೆ ಚಿತ್ರ ನಮ್ಮದಾಗುವುದಿಲ್ಲ, ಅದನ್ನು ತೆಗೆದವರು ಒಬ್ಬರಿರುತ್ತಾರೆ. ಯಾರು ಬೇಕಾದರೂ ಬಳಸಲಿ ಎಂದು ಅವರೇ ಬಿಟ್ಟುಕೊಟ್ಟ ಚಿತ್ರಗಳನ್ನಷ್ಟೇ ಪಾಠಕ್ಕೆ ಹಾಕಿ, ಕೆಳಗೆ ಅವರ ಹೆಸರು ಬರೆಯಿರಿ. ಹಿಂದಿನ ಬೆಂಚಿನಿಂದ ಒಬ್ಬರು, “ಅಮೇರಿಕದೋನು ನರಸೀಪುರಕ್ ಬಂದು ನಮ್ಮುನ್ ಹಿಡ್ಕಂಡೋಯ್ತಾನಾ ಮೇಡಂ?” ಅಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ನನಗೆ ಆ ನಿಯಮ ಹಿಡಿಸಿತ್ತು. ಅಂದಿನಿಂದ ಸೈಬರ್ ಕೆಫೆಯಲ್ಲಿ ಕೂತು, ಮೂತ್ರಪಿಂಡದ ಚಿತ್ರವಿರಲಿ, ಗ್ರಹಣದ್ದಿರಲಿ, ಸೊಳ್ಳೆಯದ್ದಿರಲಿ, ಕೆಳಗಿನ ಸಣ್ಣಕ್ಷರವನ್ನೆಲ್ಲ ಓದಿ ಅನುಮತಿ ಇದ್ದದ್ದನ್ನು ಮಾತ್ರ ಇಳಿಸಿಕೊಳ್ಳುತ್ತಿದ್ದೆ. ಚಿತ್ರದ ಮೇಲೆ ಅಡ್ಡಲಾಗಿ ಯಾವುದಾದರೂ ಕಂಪನಿಯ ಹೆಸರಿದ್ದರೆ ಅದು ಎಷ್ಟೇ ಚೆನ್ನಾಗಿರಲಿ, ಬಿಟ್ಟುಬಿಡುತ್ತಿದ್ದೆ. ಕಂಡರಿಯದ ಯಾರೋ ಫೋಟೋಗ್ರಾಫರನ ಹಕ್ಕಿನ ಬಗ್ಗೆ ನನಗಿದ್ದ ಆ ಕಾಳಜಿ — ಈಗ ನೆನೆದರೆ...

ಮೂಢನಂಬಿಕೆಯ ಪಾಠಕ್ಕೆ ಮಾತ್ರ ಚಿತ್ರ ಸಿಗಲಿಲ್ಲ. ಪುಕ್ಕಟೆ ಸಿಕ್ಕವೆಲ್ಲ ಪರದೇಶದವು, ಗೋಡೆಗೆ ಒರಗಿಸಿದ ಏಣಿ, ಒಡೆದ ಕನ್ನಡಿ. ಏಣಿಯ ಕೆಳಗೆ ನಡೆದರೆ ಕೇಡು ಎಂದು ನರಸೀಪುರದಲ್ಲಿ ಯಾರು ನಂಬುತ್ತಾರೆ? ಹಾಗಾದರೆ ನಾನೇ ತೆಗೆಯುತ್ತೇನೆ ಎಂದುಕೊಂಡೆ. ಗುಂಡಿ ಒತ್ತಿದವನು ನಾನಾದರೆ ಹಕ್ಕೂ ನನ್ನದೇ, ಯಾರ ಹಂಗೂ ಇಲ್ಲ.

ಚಿಕ್ಕಪ್ಪನ ಮಗನ ಡಿಜಿಟಲ್ ಕ್ಯಾಮೆರಾ ಇಸಿದುಕೊಂಡು ರಜೆಯಿದ್ದ ಒಂದು ಸೋಮವಾರ ನಮ್ಮೂರಿನ ಕಪಿಲಾ ಹೊಳೆಯ ಸೋಪಾನಕಟ್ಟೆಗೆ ಹೋದೆ. ಮುಡಿ ಕೊಟ್ಟು, ಮುಳುಗಿ ಎದ್ದು, ಬೋಳುತಲೆಗೆ ಗಂಧ ಹಚ್ಚಿಸಿಕೊಂಡ ಒಬ್ಬ ಹೆಂಗಸು ಮೆಟ್ಟಿಲ ಮೇಲೆ ಕೂತಿದ್ದರು. ಒದ್ದೆ ಸೀರೆ. ಮುಖ ಮೇಲೆತ್ತಿ, ಕಣ್ಣು ಮುಚ್ಚಿ ಬಿಸಿಲು ಕಾಯುತ್ತಿದ್ದರು. ನಾನು ಮಂಟಪದ ಕಂಬದ ಮರೆಯಲ್ಲಿ ನಿಂತು ತೆಗೆದೆ. ಕೇಳುವುದಕ್ಕೆ ಪುರಸೊತ್ತಿರಲಿಲ್ಲ ಎಂದು ಬರೆಯಬಹುದಿತ್ತು — ಇತ್ತು, ಬೇಕಾದಷ್ಟಿತ್ತು. ಕೇಳಿದರೆ ಬೇಡ ಅಂದುಬಿಟ್ಟಾರು, ಅದಕ್ಕೇ ಕೇಳಲಿಲ್ಲ.

ಆ ಪಟದ ಮೇಲೆ ದಪ್ಪಕ್ಷರದಲ್ಲಿ ಬರೆದೆ: ‘ಕೂದಲು ಕೊಟ್ಟರೆ ಕಾಯಿಲೆ ವಾಸಿಯಾಗುತ್ತದೆಯೇ?’ ಕೆಳಗೆ ನನ್ನ ಹೆಸರು ಹಾಕಿ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದು ಎಂದೂ ಸೇರಿಸಿದೆ.

ಕಂಪ್ಯೂಟರ್ ಕೋಣೆಯಲ್ಲಿ ಅದು ಪರದೆಗೆ ಬಂದಾಗ ತರಗತಿಯೆಲ್ಲ ಗೊಳ್ಳೆಂದಿತು. “ಬುರುಡೆ ನೋಡ್ಲಾ, ಕ್ಯಾಮ್ರಾಕ್ಕಿಂತ ಅದೇ ಮಿಂಚ್ತದೆ!” ಎಂದು ಒಬ್ಬ ಕೂಗಿದ. ನಾನು ಅವನನ್ನು ಗದರಲಿಲ್ಲ. ನಗುವೂ ಒಂದು ವಾದವೇ ಎಂದು ಆಗ ನಂಬಿದ್ದೆ. ನೀನು ತಲೆ ತಗ್ಗಿಸಿ ಕೂತಿದ್ದೆ.

ಎಲ್ಲರೂ ಹೋದ ಮೇಲೆ ನೀನು ಬಾಗಿಲ ಹತ್ತಿರ ನಿಂತೆ.

“ಸಾ, ಆ ಪಟ ತೆಗ್ದಾಕ್ಬುಡಿ ಸಾ.”

“ಯಾಕೆ? ಕಾರಣ ಹೇಳು, ತೆಗೀತೀನಿ.”

“ನಮ್ಮವ್ವ ಸಾ ಅದು.”

ಅದರ ಹಿಂದೆಯೇ ನೀನು ಇನ್ನೊಂದು ಮಾತು ಹೇಳಿದೆ. “ಕಾಯ್ಲೆಗಲ್ಲ ಸಾ ಮುಡಿ ಕೊಟ್ಟಿದ್ದು. ನಮ್ಮಪ್ಪ ನನ್ನ ಹೈಸ್ಕೂಲ್‌ಗೆ ಕಳ್ಸಕ್ಕೆ ಒಪ್ಪುದ್ರೆ ಕೊಡ್ತೀನಿ ಅಂತ ಹರಕೆ ಕಟ್ಕಂಡಿತ್ತು.”

ಆಧಾರ ಕೇಳುವವನು ನಾನು. ಯಾವ ಆಧಾರದ ಮೇಲೆ ಕಾಯಿಲೆ ಎಂದು ಬರೆದೆ? ಗೊತ್ತಿಲ್ಲದ ಹೆಂಗಸಿನ ತಲೆಯೊಳಗಿನ ಸಂಗತಿ ನನಗೆ ಹೇಗೆ ಗೊತ್ತಾಯಿತು? ಆ ಕ್ಷಣವೇ ಪಟ ಅಳಿಸಬೇಕಿತ್ತು. ಬದಲಿಗೆ ಹೇಳಿದೆ — ಈ ಮಾತು ನಿನಗೂ ಮರೆತಿರಲಾರದು — “ನೋಡಮ್ಮ, ಚಿತ್ರದ ಹಕ್ಕು ತೆಗೆದವರದ್ದು. ಚಿತ್ರದಲ್ಲಿ ಇರೋರದ್ದಲ್ಲ.”

ಎರಡು ದಿನ ಬಿಟ್ಟು ನಿನ್ನ ತಂದೆ ಮೂಗೂರಿನಿಂದ ಬಂದರು. ಜಗಳಕ್ಕೆ ಬರುತ್ತಾರೆಂದು ನಾನು ಮನಸ್ಸಿನಲ್ಲೇ ವಾದ ಸಿದ್ಧಮಾಡಿಟ್ಟುಕೊಂಡಿದ್ದೆ. ಅವರು ಹೆಡ್‌ಮಾಸ್ಟರ ಮೇಜಿನ ಮುಂದೆ ಟವೆಲು ಕಂಕುಳಲ್ಲಿಟ್ಟುಕೊಂಡು ನಿಂತರು.

“ಒಂದೇ ಒಂದ್ ಮಾತ್ ಹೇಳ್ಬುಡಿ ಮೇಷ್ಟ್ರೇ. ಕೇಳಿ ತೆಗುದ್ರಾ, ಕೇಳ್ದೆ ತೆಗುದ್ರಾ? ನಮ್ಮೋಳು, ಯಾರೂ ಕೇಳ್ಲಿಲ್ಲ, ಪಟ ತೆಗ್ದಿದ್ದೇ ಗೊತ್ತಿಲ್ಲ ಅಂತಾಳೆ.”

ಹೆಡ್‌ಮಾಸ್ಟರು ನನ್ನ ಕಡೆ ನೋಡಿದರು. ನೀನೂ ನೋಡಿದೆ. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ, ನಿಜ. ಅದು ಆ ಹೊತ್ತಿನಲ್ಲಿ ನೆನಪಾಯಿತೋ ಇಲ್ಲವೋ ತಿಳಿಯದು. ಸೋಲಬಾರದು ಎಂಬುದೊಂದೇ ನೆನಪಿದೆ.

“ಕೇಳಿದ್ದೆ. ತೆಕ್ಕೊಳ್ಳಿ ಅಂದ್ರು.”

“ಅಂಗನ್ನಿ ಮತ್ತೆ!” ನಿನ್ನ ತಂದೆಯ ಮುಖ ಸಡಿಲವಾಯಿತು. “ಓದ್ದೋರು ನೀವ್ಯಾಕೆ ಸುಳ್ ಹೇಳೀರಿ? ನಮ್ಮೋಳು ಯಾವಾಗ್ಲೂ ಇಂಗೇ ಸಾ, ಮಾಡೋದ್ ಮಾಡ್ಬುಟ್ಟು ನನಗ್ ಗೊತ್ತಿಲ್ಲ ಅಂತಾಳೆ.”

ಹೆಡ್‌ಮಾಸ್ಟರು, “ಹಾಗಾದ್ರೆ ಒಪ್ಪಿಗೆ ಇದೆ ಅಂತ ಕೆಳಗೆ ಒಂದು ಸಾಲು ಸೇರಿಸಿಬಿಡಿ, ನಾಳೆ ಇನ್ಯಾರೂ ಕೇಳೋ ಹಾಗಿರಲ್ಲ” ಅಂದರು. ಸೇರಿಸಿದೆ. ‘ಚಿತ್ರದಲ್ಲಿರುವವರ ಒಪ್ಪಿಗೆ ಪಡೆಯಲಾಗಿದೆ.’ ಆ ಕಡತದಲ್ಲಿ ಅನುಮತಿಯ ವಿಷಯದಲ್ಲಿ ನಾನು ಬರೆದ ಒಂದೇ ಒಂದು ಸುಳ್ಳು ಅದು.

ನಿನ್ನ ತಂದೆ ಹೋದ ಮೇಲೆ ನೀನು ಜಗುಲಿಯಲ್ಲಿ ನನ್ನನ್ನು ನಿಲ್ಲಿಸಿ ಹೇಳಿದೆ: “ನಮ್ಮವ್ವ ನನ್ ತಾವೂ ಸುಳ್ ಹೇಳ್ತು ಸಾ.” ನಿನ್ನ ದನಿಯಲ್ಲಿ ಸಿಟ್ಟಿರಲಿಲ್ಲ, ನಾಚಿಕೆ ಇತ್ತು. ಅಲ್ಲಿ ಹೆಡ್‌ಮಾಸ್ಟರೂ ಇರಲಿಲ್ಲ, ನಿನ್ನ ತಂದೆಯೂ ಇರಲಿಲ್ಲ, ಗೆಲ್ಲುವುದಕ್ಕೆ ಏನೂ ಉಳಿದಿರಲಿಲ್ಲ. ‘ಇಲ್ಲಮ್ಮ, ಸುಳ್ಳು ನಂದು’ — ಅಷ್ಟು ಅಂದಿದ್ದರೆ... ಬೆಲ್ ಹೊಡೆಯಿತು. ನಾನು ತರಗತಿಗೆ ಹೋದೆ. ನಾನು ಮಾಡಿದ್ದರಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು ಅದೇ, ಪಟ ತೆಗೆದದ್ದಲ್ಲ.

ಆಮೇಲೆ ನೀನು ಅಮ್ಮನ ಜೊತೆ ಮಾತು ಬಿಟ್ಟೆಯಂತೆ. ನಿನ್ನ ಗೆಳತಿಯರು ಹೇಳಿದರು. ಎಷ್ಟು ಕಾಲ, ಈಗಲೂ ಹಾಗೆಯೋ — ಕೇಳುವ ಧೈರ್ಯ ನನಗೆ ಬರಲಿಲ್ಲ. ನೀನು ಓದಬೇಕೆಂದು ಹರಕೆ ಕಟ್ಟಿಕೊಂಡವರು ಯಾರೋ, ಅವರನ್ನೇ ನಿನ್ನ ಕಣ್ಣಲ್ಲಿ ಸುಳ್ಳುಗಾತಿಯನ್ನಾಗಿ ಮಾಡಿದ್ದೆ. ಅತ್ತ ಇಲಾಖೆಯವರು ಆ ಪಾಠ ಚೆನ್ನಾಗಿದೆ ಎಂದು ಸೀಡಿಗೆ ಹಾಕಿ ಸುತ್ತಲಿನ ಶಾಲೆಗಳಿಗೆಲ್ಲ ಹಂಚಿದರು. ಉಚಿತ, ಯಾರ ತಕರಾರೂ ಇಲ್ಲದ ಚಿತ್ರ ತಾನೆ.

ಐದು ವರ್ಷ ಕಳೆದಿವೆ. ಈಗ ಪಾಠಕ್ಕೆ ಚಿತ್ರ ಆರಿಸುವುದು ಹೇಗೆಂದು ಬೇರೆ ಮೇಷ್ಟ್ರುಗಳಿಗೆ ಹೇಳಿಕೊಡುವ ಕೆಲಸವೂ ನನ್ನ ಪಾಲಿಗೆ ಬಂದಿದೆ. ಹೋದ ವಾರ ನಂಜನಗೂಡಿನ ತರಬೇತಿಯಲ್ಲಿ ಬಿಳಿಗೆರೆ ಕಡೆಯ ಒಬ್ಬರು ಎದ್ದು ನಿಂತು, “ಸಾರ್, ನಿಮ್ಮ ಆ ಮುಡಿ ಕೊಟ್ಟಿರೋ ಅಮ್ಮನ ಪಟ ನಾವು ಈಗ್ಲೂ ತೋರುಸ್ತೀವಿ. ಒಪ್ಪಿಗೆ ಐತೆ ಅಂತ ಬರ್ದಿದ್ದೀರಲ್ಲ, ಅದ್ಕೇ ಧೈರ್ಯ” ಅಂದರು. ನನ್ನ ಬಾಯಿಂದ, “ಇಲ್ಲ, ಅವರನ್ನ ಕೇಳಿರಲಿಲ್ಲ. ಅದನ್ನ ಅಳಿಸಿಬಿಡಿ” ಎಂದು ಬಂದುಬಿಟ್ಟಿತು. ಗುರುತು ಪರಿಚಯವಿಲ್ಲದ ಅಷ್ಟು ಜನರಿಗೆ ಗೊತ್ತಾದದ್ದು ನಿನಗೆ ಇನ್ನೂ ಗೊತ್ತಿಲ್ಲ ಎಂಬುದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ.

ಒಂದು ಮಾತು ಸ್ಪಷ್ಟವಾಗಿರಲಿ: ಹರಕೆಯ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಕೂದಲಿಗೂ ನಿನ್ನ ಓದಿಗೂ ಸಂಬಂಧವಿದೆ ಎಂದು ನಾನು ಇವತ್ತಿಗೂ ನಂಬುವುದಿಲ್ಲ. ಆದರೆ ಅದನ್ನು ನಿನ್ನ ತಾಯಿಯ ಎದುರು ಕೂತು ಹೇಳಬಹುದಿತ್ತು. ಅವರು ನನಗೆ ಉತ್ತರ ಕೊಡಬಹುದಿತ್ತು.

ಹೊರಗೆ ಹೋದ ಪಟಗಳನ್ನೆಲ್ಲ ನಾನು ವಾಪಸು ತರಲಾರೆ. ಬರುವ ಭಾನುವಾರ ಮೂಗೂರಿಗೆ ಬರುತ್ತಿದ್ದೇನೆ, ನಿನ್ನ ತಂದೆ ಮನೆಯಲ್ಲಿರುವ ಹೊತ್ತು ನೋಡಿಕೊಂಡೇ. ಒಳಗೆ ಕರೆಯದಿದ್ದರೆ ಬಾಗಿಲಲ್ಲೇ ನಿಂತು ಹೇಳುತ್ತೇನೆ. ಕ್ಷಮೆ ಕೇಳುವುದು ಆಮೇಲಿನ ಮಾತು, ಅದು ಸಿಗಬೇಕೆಂದೇನೂ ಇಲ್ಲ. ಆ ಹೆಂಗಸು ಸುಳ್ಳು ಹೇಳಿರಲಿಲ್ಲ ಎಂಬುದು ಆ ಮನೆಯಲ್ಲಿ ಮೊದಲು ಕೇಳಿಸಬೇಕು.

ನೀನು ಮೈಸೂರಿನ ಹಾಸ್ಟೆಲಿನಲ್ಲಿದ್ದೀಯೆಂದು ಕೇಳಿದೆ. ಆ ದಿನ ಊರಿಗೆ ಬಾ, ಮಹದೇವಿ. ನಾನು ಹೇಳುವಾಗ ನನ್ನ ಮುಖ ನೋಡಬೇಕಾಗಿಲ್ಲ. ನಿನ್ನ ತಾಯಿಯ ಪಕ್ಕದಲ್ಲಿ ಕೂತಿರು.