ಸೊಸೆಯ ತಟ್ಟೆಗೆ ನಾಲಗೆ

ಭಾನುವಾರ ಬೆಳಿಗ್ಗೆ ಹೊಸಪೇಟೆಯ ಮಟನ್ ಅಂಗಡಿಗಳ ಸಾಲಿನಲ್ಲಿ ಕುರಿಯ ತಲೆಕಾಲು ಸುಡುವ ವಾಸನೆ ಎದ್ದಿತೆಂದರೆ ನನ್ನ ಸ್ಕೂಟರ್ ತಾನಾಗಿಯೇ ನಿಧಾನವಾಗುತ್ತದೆ. ಮೂಗು ಮುಚ್ಚಿಕೊಂಡು ಓಡುವವರು ಓಡಲಿ, ನೀವು ನನ್ನ ಜೊತೆ ಸ್ವಲ್ಪ ನಿಲ್ಲಿ. ಈ ಹೊಗೆಯಲ್ಲಿ ನಮ್ಮ ಮನೆಯ ರಾಜಕೀಯವೆಲ್ಲ ಇದೆ.

ನಮ್ಮವ್ವನದು ಒಂದು ಶಾಸ್ತ್ರ: ಕುರಿಯ ಯಾವ ಭಾಗ ತಿಂದರೂ ತಿಂದವರ ಅದೇ ಭಾಗಕ್ಕೆ ಬಲ. ಅಪ್ಪನ ಮೊಣಕಾಲು ನೋವಿಗೆ ಕಾಲು ಸೂಪು. ಹತ್ತನೇ ತರಗತಿಯ ಗಣಿತ ಪರೀಕ್ಷೆಗೆ ಮುಂಚೆ ನನಗೆ ಮಿದುಳು ತಿನ್ನಿಸಿದಳು, ಫೇಲಾದೆ. "ಎಷ್ಟಂದ್ರೂ ಕುರಿ ಮಿದುಳು, ಅದಾದ್ರೂ ಎಷ್ಟಂತ ಲೆಕ್ಕ ಮಾಡೀತು?" ಎಂದು ತಪ್ಪನ್ನು ಕುರಿಯ ಮೇಲೆ ಹಾಕಿದಳೇ ಹೊರತು ಶಾಸ್ತ್ರ ಬಿಡಲಿಲ್ಲ. ನಾನು ಮಾತು ತಡವಾಗಿ ಕಲಿತ ಮಗನಾದ್ದರಿಂದ ನಾಲಗೆ ಯಾವತ್ತೂ ನನ್ನದೇ. ಮದುವೆಯಾಗಿ ಸಂಡೂರಿನ ಸುಜಾತಾ ಬಂದ ಮೇಲೆ ಶಾಸ್ತ್ರಕ್ಕೆ ಇನ್ನೊಂದು ಕಟ್ಟಳೆ ಸೇರಿತು: "ಸೊಸಿಗೆ ಮಾತ್ರ ನಾಲಿಗಿ ಹಾಕಬಾರದು. ಆಮ್ಯಾಲೆ ಹಿಡಿಯೋರು ಯಾರು?"

ನಗಬೇಡಿ. ತೋರಣಗಲ್ಲಿನ ಫ್ಯಾಕ್ಟರಿಯಲ್ಲಿ ನನ್ನ ಶಿಫ್ಟಿನ ಬಂಗಾಳಿಯೊಬ್ಬ, ತಮ್ಮ ಕಡೆ ದೊಡ್ಡ ಮೀನಿನ ತಲೆ ಅಳಿಯನಿಗೇ ಮೀಸಲು ಎನ್ನುತ್ತಾನೆ. ಕೊರಿಯಾದಿಂದ ಬಂದಿದ್ದ ಇಂಜಿನಿಯರು, ಕರುಳಿಗೆ ರಕ್ತ ತುಂಬಿ ಬೇಯಿಸುವುದನ್ನು ವರ್ಣಿಸುತ್ತ ತಾಯಿಯನ್ನು ನೆನೆದು ಕಣ್ಣೊರೆಸಿಕೊಂಡರು. ತೊಡೆಮಾಂಸವನ್ನು ಲೋಕದಲ್ಲಿ ಯಾರು ಬೇಕಾದರೂ ತಿನ್ನಬಹುದು. ತಲೆ, ಕರುಳು ಬಂದಾಗಲೇ ಯಾರಿಗೆ ಯಾವುದು ಎಂಬ ಪಂಚಾಯಿತಿ.

ನಮ್ಮ ಹಿತ್ತಲಲ್ಲಿ ಅವ್ವನ ಕಲ್ಲೊಂದಿದೆ. ಬೋಟಿಯನ್ನು, ಅಂದರೆ ಕುರಿಯ ಕರುಳು, ಹೊಟ್ಟೆಗಳನ್ನು, ಸುಣ್ಣ, ಬಿಸಿನೀರು ಹಾಕಿ ಅವಳು ತಿಕ್ಕಿ ತೊಳೆಯುವುದು ಅದರ ಮೇಲೆ. ಕಳೆದ ವರ್ಷ ಒಂದು ಶನಿವಾರ ಪಕ್ಕದ ಮನೆಯ ರೈಸ್‌ಮಿಲ್ ಸಾಹುಕಾರರು, ವಾಸನೆ ತಡೆಯಲಾಗುವುದಿಲ್ಲವೆಂದು ಗೋಡೆ ಕಟ್ಟಿಸಲು ದಾರ ಎಳೆಸಿದರು. ದಾರ ನಮ್ಮ ಜಾಗದೊಳಗೆ ಬಂದಿತ್ತು. ಕಲ್ಲು ಅವರ ಪಾಲಿಗೆ ಹೋಗುತ್ತಿತ್ತು. ಅವ್ವ ಓಡಿಹೋಗಿ ಕಲ್ಲಿನ ಮೇಲೆ ಕೂತುಬಿಟ್ಟಳು. ಸಿಟ್ಟಿಗೆ ಮಾತು ಹೊರಡಲಿಲ್ಲ. ನನ್ನ ಕಡೆ ತಿರುಗಿ, "ನೀನಾದ್ರೂ ಮಾತಾಡಲೇ!" ಎಂದಳು.

ಅಷ್ಟು ವರ್ಷ ತಿಂದ ನಾಲಗೆಯ ಬಲವನ್ನೆಲ್ಲ ಒಟ್ಟುಮಾಡಿ ನಾನು, "ಸಾವ್ಕಾರ್ರ... ಅದು... ಚಾ ಕುಡೀತೀರೇನ್ರಿ?" ಎಂದೆ.

ಅಷ್ಟರಲ್ಲಿ ಸುಜಾತಾ ಸೌಟು ಹಿಡಿದೇ ಹೊರಗೆ ಬಂದಳು. "ವಾಸನಿ ಬಂದ್ರ ನಿಮ್ಮ ಕಿಟಕಿ ಹಾಕ್ಕೊಳ್ರಿ ಸಾವ್ಕಾರ್ರ, ನಮ್ಮ ಜಾಗದಾಗ ಗ್ವಾಡಿ ಹಾಕಬ್ಯಾಡ್ರಿ. ನಮ್ಮತ್ತಿ ಕುಂತ ಕಲ್ಲು ನಮ್ಮತ್ತೀದು."

ಸಾಹುಕಾರರು ದಾರವನ್ನೇನೋ ಬಿಚ್ಚಿಸಿದರು. "ಸೋಮವಾರ ನಗರಸಭೆಯೋರನ್ನ ಕರಕೊಂಡು ಬರ್ತೀನಿ" ಎಂದು ಹೇಳಿ ಒಳಗೆ ಹೋದರು.

ಮರುದಿನ ಊಟಕ್ಕೆ ಕೂತೆವು. ಅವ್ವ ಪಾತ್ರೆಯಲ್ಲಿ ತಡಕಾಡಿ ನಾಲಗೆಯನ್ನು ಎತ್ತಿದಳು. ಅಭ್ಯಾಸಬಲದಿಂದ ನಾನು ತಟ್ಟೆ ಮುಂದೆ ಒಡ್ಡಿದೆ. ಸೌಟು ನನ್ನ ತಟ್ಟೆ ದಾಟಿ ಹೋಗಿ ಸುಜಾತಾಳ ತಟ್ಟೆಯ ಮೇಲೆ ನಿಂತಿತು. ಸುಳ್ಳೇಕೆ ಹೇಳಲಿ, ಹೊಟ್ಟೆ ಉರಿಯಿತು. ಆದರೆ ಅವ್ವ ತಾನಾಗಿಯೇ ಅದನ್ನು ಬಡಿಸಿದ್ದು ಕಂಡು ಕಣ್ಣೂ ತುಂಬಿತು.

ಸುಜಾತಾ ಮಾತ್ರ ಮುಖ ಸಿಂಡರಿಸಿದಳು. "ಅತ್ತಿ, ನನಗಿದು ಸೇರಂಗಿಲ್ರಿ. ಬೋಟಿ ಹಾಕ್ರಿ."

"ಸೇರದಿದ್ರ ಕಣ್ಮುಚ್ಚಿ ನುಂಗವ್ವಾ," ಎಂದಳು ಅವ್ವ. "ನಾಳೆ ನಗರಸಭೆಯೋರು ಬರ್ತಾರ."

ನಗರಸಭೆಯವರು ಬಂದರು, ಸುಜಾತಾಳ ಮಾತು ಕೇಳಿದರು, ಅಳೆದು ನೋಡಿ ಹೋದರು. ಕಲ್ಲು ಇದ್ದಲ್ಲೇ ಇದೆ. ಸುಜಾತಾಳಿಗೆ ಈಗ ನಾಲಗೆ ರುಚಿ ಹತ್ತಿದೆ. ಒಂದು ಚೂರೂ ಉಳಿಸುವುದಿಲ್ಲ. ನಾನು ಇವತ್ತೂ ಸುಟ್ಟ ತಲೆಯನ್ನು ಚೀಲಕ್ಕೆ ಹಾಕಿಸಿಕೊಂಡು ಮನೆಗೆ ಹೊರಟಿದ್ದೇನೆ. ಅವ್ವ ನನ್ನ ತಟ್ಟೆಗೆ ಈಗ ಕಿವಿ ಹಾಕುತ್ತಾಳೆ.

"ಮಾತು ಅಕಿ ನೋಡ್ಕೋತಾಳ," ಎನ್ನುತ್ತಾಳೆ. "ನೀ ಕೇಳಿದ್ರ ಸಾಕು."