ಹೊರೆ ಎತ್ತಿಸಿಕೊಂಡ ಸತ್ತೆವ್ವ

1988ರ ಮೇ 16, ಸೋಮವಾರ. ಸದಲಗಾ ಸಮೀಪದ ಹಳ್ಳಿಯೊಂದರ ಕ್ರೈಸ್ತರ ಸ್ಮಶಾನಕ್ಕೆ ಪಕ್ಕದ ಹೊಲದ ಬಾಪುಸಾಹೇಬ ಟ್ರ್ಯಾಕ್ಟರ್ ನುಗ್ಗಿಸಿ, ಒಂಬತ್ತು ಗೋರಿಗಳನ್ನು ಉತ್ತು ಕಬ್ಬಿಗೆ ನೆಲ ಮಾಡಿಕೊಂಡ. ಒಂಬತ್ತು ಎಂಬುದು ಎಣಿಸಿ ಹೇಳುವ ಮಾತು. ಅವುಗಳಲ್ಲೊಂದು ಸತ್ತೆವ್ವಳ ಗಂಡ ಜಕ್ಕಪ್ಪನದು. ಶಿಲುಬೆ ಕೆತ್ತಿದ್ದ ಕಲ್ಲು ಬದುವಿನ ಮೇಲೆ ಬೋರಲು ಬಿದ್ದಿತ್ತು.

ಒಂದು ಎಮ್ಮೆಯ ಹಾಲಿನ ಮೇಲೆ ಬದುಕುತ್ತಿದ್ದ ಆ ವಿಧವೆ ಸಭೆಯ ಹಿರಿಯ ಧರೆಪ್ಪನ ಮನೆಗೆ ಓಡಿದಳು. ಧರೆಪ್ಪ ಬಾಪುಸಾಹೇಬನ ಎರಡು ಎಕರೆಯನ್ನು ಪಾಲಿಗೆ ಮಾಡುತ್ತಿದ್ದ.

“ಆಗಿದ್ದು ಆಗಿ ಹೋತು ಚಿಗವ್ವಾ. ನಾವು ಕ್ರಿಸ್ತನ ಮಂದಿ, ಕ್ಷಮಾ ಮಾಡಬೇಕು.”

“ಹೊಟ್ಟ್ಯಾಗ ಬೆಂಕಿ ಇಟ್ಕೊಂಡು ಬಾಯಿಲೆ ಹೆಂಗ ಅನ್ನಲೋ? ಸುಳ್ಳ ಹೇಳಂತಿಯೇನು?”

“ಅಂದ್ರ ಸಾಕು. ಉಳದದ್ದು ದೇವರು ನೋಡ್ಕೋತಾನ.”

“ನಿನ್ನ ದೇವರು ಭಾಳ ಸಸ್ತಾ ಅದಾನಪಾ!”

ಮೂರು ತಿಂಗಳಿಗೊಮ್ಮೆ ನಿಪ್ಪಾಣಿಯಿಂದ ಸಭೆಯ ಪಾದ್ರಿ, ಅಂದರೆ ಪಾಲಕರು, ಬಂದು ಕರ್ತನ ಭೋಜನದ ರೊಟ್ಟಿ ಹಂಚುತ್ತಿದ್ದರು. ಮನಸ್ಸಿನಲ್ಲಿ ದ್ವೇಷವಿಟ್ಟುಕೊಂಡವರು ಅದನ್ನು ಮುಟ್ಟಬಾರದೆಂಬ ನಿಯಮ ಎಲ್ಲರಿಗೂ ಗೊತ್ತಿತ್ತು. ಪಾಲಿಸಿದವಳು ಸತ್ತೆವ್ವ ಒಬ್ಬಳೇ. ಎಲ್ಲರೂ ಕೂಡಿ ಹೇಳುವ ಪ್ರಾರ್ಥನೆಯಲ್ಲಿ ‘ನಾವು ಕ್ಷಮಿಸಿದ್ದೇವೆ’ ಎಂಬ ಮಾತು ಬಂದಾಗ ಆಕೆ ಬಾಯಿ ಮುಚ್ಚುತ್ತಿದ್ದಳು. ರೊಟ್ಟಿಯ ತಟ್ಟೆಯನ್ನು ಹಾಗೆಯೇ ಪಕ್ಕದವಳಿಗೆ ದಾಟಿಸುತ್ತಿದ್ದಳು. 1988ರ ಜೂನ್‌ನಿಂದ 1990ರ ಡಿಸೆಂಬರ್‌ವರೆಗೆ, ಹನ್ನೊಂದು ಸಲ.

“ಒಂದ ಚೂರು ತಗೊ ಬೇ, ಯಾರ ನೋಡ್ತಾರ?” ಎಂದು ಪಕ್ಕದ ತಾರವ್ವ ತಿವಿದರೆ, “ಕೊಡಾವ ನೋಡಾಕತ್ತಾನಲ್ಲ!” ಎನ್ನುತ್ತಿದ್ದಳು.

ಕಬ್ಬು ಕಡಿಯುವಾಗ ತುದಿಯ ಹಸಿರು ಗರಿಗಳನ್ನು, ಅಂದರೆ ವಾಡಿಯನ್ನು, ದನಕ್ಕಾಗಿ ಯಾರು ಬೇಕಾದರೂ ಒಯ್ಯುವುದು ಅಲ್ಲಿಯ ರೂಢಿ. ಬಾಪುಸಾಹೇಬನ ಹೊಲ ಮನೆಯ ಹಿಂದೆಯೇ ಇದ್ದರೂ ಸತ್ತೆವ್ವ ಎರಡು ಮೈಲು ನಡೆದು ಬೇರೆಯವರ ವಾಡಿ ತರುತ್ತಿದ್ದಳು. ಗಂಡನನ್ನು ನುಂಗಿದ ಕಬ್ಬು ಎಮ್ಮೆಯ ಹೊಟ್ಟೆಗೂ ಬೇಡವಾಗಿತ್ತು.

1991ರ ಫೆಬ್ರುವರಿ 27, ಬುಧವಾರ ಬೆಳಿಗ್ಗೆ ಹಾಲು ಹಿಂಡುತ್ತ ಎಂದಿನಂತೆ ಬಾಪುಸಾಹೇಬನನ್ನು ಶಪಿಸತೊಡಗಿದಾಗ ಆಕೆಗೆ ದಿಗಿಲಾಯಿತು. ಬಾಪುಸಾಹೇಬನ ಮುಖ ಮೀಸೆಯ ಕೂದಲು ಸಹಿತ ಕಣ್ಣಿಗೆ ಕಟ್ಟಿತ್ತು. ಜಕ್ಕಪ್ಪನ ಮುಖ ಎಷ್ಟು ನೆನೆದರೂ ಬರಲಿಲ್ಲ.

ಹಿಂಡುವುದನ್ನು ಅರ್ಧಕ್ಕೆ ಬಿಟ್ಟು ಆಕೆ ನೇರ ಆ ಹೊಲಕ್ಕೆ ಹೋದಳು. ಹನ್ನೆರಡು ಮಂದಿ ಕೊಯ್ತಾ ಹಿಡಿದು ಕಬ್ಬು ಕಡಿಯುತ್ತಿದ್ದರು, ಬಾಪುಸಾಹೇಬ ಬದುವಿನ ಮೇಲೆ ನಿಂತಿದ್ದ.

“ಸಾವಕಾರ್ರ, ನನ್ನ ಗಂಡನ್ನ ಉತ್ತ ಹಾಕೀರಿ. ನಿಮ್ಮ ಮನಿತನ ಹಾಳಾಗ್ಲಿ ಅಂತ ದಿನಾ ಬೇಡ್ಕೊಂಡೇನಿ. ಇವತ್ತ ಬಿಟ್ಟೆ. ನಿಮ್ಮನ್ನ ಕ್ಷಮಾ ಮಾಡೇನ್ರಿ.”

ಬಾಪುಸಾಹೇಬ ನಕ್ಕ. “ನಾ ಎಲ್ಲಿ ಕೇಳಿದ್ನಿ?”

“ನೀವು ಕೇಳೂತನಕಾ ಕುಂತ್ರ ನಾ ಉಪಾಸ ಸಾಯತೇನ್ರಿ.”

ಬಗ್ಗಿ ವಾಡಿ ಕಟ್ಟಿದಳು. ತಲೆಗೆ ಸಿಂಬಿ ಇಟ್ಟುಕೊಂಡು ಅವನ ಮುಂದೆಯೇ ನಿಂತಳು. “ಹೊರಿ ಎತ್ತಸ್ರಿ.”

ಕ್ರೈಸ್ತರ ಓಣಿಯ ಹೆಂಗಸಿನ ತಲೆಗೆ ಆ ಊರಿನ ಯಾವ ಸಾವುಕಾರನೂ ಹೊರೆ ಎತ್ತಿಸಿದ್ದಿಲ್ಲ. ಹನ್ನೆರಡು ಕೊಯ್ತಾಗಳೂ ಸ್ತಬ್ಧವಾದವು. ಬಾಪುಸಾಹೇಬನ ಮುಖದ ನಗೆ ಇಳಿಯಿತು. ಅವನು ಬಗ್ಗಿ, ಎರಡೂ ಕೈಯಿಂದ ಹೊರೆ ಎತ್ತಿ, ಮೆಲ್ಲಗೆ ಆಕೆಯ ತಲೆಯ ಮೇಲಿಟ್ಟ. ಆಕೆ ಓಣಿ ತಿರುಗಿ ಕಾಣದಾಗುವವರೆಗೆ ಒಬ್ಬನೂ ಕೊಯ್ತಾ ಆಡಿಸಲಿಲ್ಲ.

ಮಾರ್ಚ್ 3ರ ಭಾನುವಾರ ಆಕೆ ಆ ಪ್ರಾರ್ಥನೆಯನ್ನು ಪೂರ್ತಿ ಹೇಳಿ ರೊಟ್ಟಿಗೆ ಕೈ ಚಾಚಿದಳು. ಇಪ್ಪತ್ತೆರಡು ವರ್ಷ ರೊಟ್ಟಿ ಹಂಚಿದ ಪಾಲಕರು ಅಂದು ತಟ್ಟೆಯನ್ನು ತಾವೇ ಎರಡೂ ಕೈಯಿಂದ ಆಕೆಯ ಮುಂದೆ ಹಿಡಿದರು.

ಕಬ್ಬು ಮಾತ್ರ ಅದೇ ನೆಲದಲ್ಲಿ ಮತ್ತೆ ಚಿಗುರಿತು. 1994ರ ಈ ಹೊತ್ತಿಗೂ ನಿಂತಿದೆ.

ಸಭೆಯ ಕಮಿಟಿಯವರೇ, ಕ್ಷಮಿಸುವುದು ಸತ್ತೆವ್ವಳ ಕೆಲಸವಾಗಿತ್ತು, ಮಾಡಿ ಮುಗಿಸಿದ್ದಾಳೆ. ಸ್ಮಶಾನದ ಅಳತೆಗೆ ಅರ್ಜಿ ಕೊಡುವುದು ನಿಮ್ಮ ಕೆಲಸ. ಆರು ವರ್ಷವಾದರೂ ಅದಕ್ಕೆ ಒಂದು ಸಹಿ ಬಿದ್ದಿಲ್ಲ. ಆಕೆಯ ಕ್ಷಮೆಯನ್ನು ನಿಮ್ಮ ಮೌನಕ್ಕೆ ನೆಪ ಮಾಡಿಕೊಳ್ಳಬೇಡಿ. ಈ ತಿಂಗಳೊಳಗೆ ಅರ್ಜಿ ಸಲ್ಲಿಸಿ, ಗಡಿಕಲ್ಲು ನೆಡಿಸಿ. ಆಕೆಗೀಗ ಅರವತ್ತೆಂಟು, ಇರುವಾಗಲೇ ಆಕೆಯ ಬಾಗಿಲಿಗೆ ಹೋಗಿ ಕ್ಷಮೆ ಕೇಳಿ. ಮೊದಲು ಧರೆಪ್ಪ ಹೋಗಲಿ.